ತಲುಪಬೇಕಾದದ್ದು: ಅಂಚೆಯವನೊಬ್ಬನ ಮೆಚ್ಚಿನ ಚಿತ್ರಗಳು

(ಚಿತ್ರದುರ್ಗದ ಕಾಲೇಜೊಂದರ ಸಭಾಂಗಣದಲ್ಲಿ, ಸಿನಿಮಾಸಕ್ತರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ದುರ್ಗದವರ ಎದುರಿಗೆ ನಿಂತು ಸಿನಿಮಾದ ಬಗ್ಗೆ ಮಾತನಾಡುವುದು ಸ್ವಲ್ಪ ಅಧಿಕಪ್ರಸಂಗದ ಕೆಲಸವೇ ಸರಿ. ಈ ಊರಿನ ಕೋಟೆಯ ಬಂಡೆಗಳೆಲ್ಲ 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಅಭಿನಯಿಸಿ ಬಂದವು, ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಟ್ಟಿಗೆ ಹೆಣೆದ ಆ ಚಿತ್ರವನ್ನು ಕುರಿತು ಇಲ್ಲಿಯ ಆಟೋ ಚಾಲಕರು ಕೂಡ ನನಗಿಂತ ಚೆನ್ನಾಗಿ ಉಪನ್ಯಾಸ ಕೊಡಬಲ್ಲರು. ಆದ್ದರಿಂದ, ಬೇರೆ ಬೇರೆ ದೇಶಗಳ ನಿಮ್ಮ ಮೆಚ್ಚಿನ ಚಿತ್ರಗಳ ಕುರಿತು ಮಾತನಾಡಿ ಎಂದು ಸಂಘಟಕರು ಹೇಳಿದಾಗ ನನಗೆ ನೆಮ್ಮದಿಯೇ ಆಯಿತು.

ನಾನು ಸಿನಿಮಾ ಪಂಡಿತನಲ್ಲ. 36 ವರ್ಷಗಳ ಕಾಲ ಅಂಚೆ ಇಲಾಖೆಯಲ್ಲಿ, ಮೊದಲು ಗುಮಾಸ್ತನಾಗಿ, ಕಡೆಗೆ ಸಬ್ ಪೋಸ್ಟ್‌ಮಾಸ್ಟರನಾಗಿ, ದಾವಣಗೆರೆ, ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆಗಳಲ್ಲಿ ಕೌಂಟರಿನ ಹಿಂದೆ ಕುಳಿತು ಠಸ್ಸೆ ಹೊಡೆದವನು. ಈ ಭಾಷಣಕ್ಕೆಂದು ನನಗೆ ಇಷ್ಟವಾದ ಚಿತ್ರಗಳ ಹೆಸರುಗಳನ್ನು ಹಳೆಯ ಡೈರಿಯೊಂದರ ಹಾಳೆಯ ಮೇಲೆ ಬರೆದುಕೊಂಡು ನೋಡಿದಾಗ ನನಗೇ ನಗು ಬಂತು. ಒಂದು ಚಿತ್ರದಲ್ಲಿ ಒಂದು ನೋಟ್‌ಬುಕ್ಕು, ಇನ್ನೊಂದರಲ್ಲಿ ಎರಡು ಬಿಲ್ಲೆ ಸೋಪು, ಮತ್ತೊಂದರಲ್ಲಿ ಒಂದು ಮನಿಯಾರ್ಡರು, ಮಗದೊಂದರಲ್ಲಿ ಒಂದು ಚೀಲ ಕಾಗದಗಳು, ಕಡೆಯದರಲ್ಲಿ ಒಂದು ಅರ್ಜಿ. ಎಲ್ಲದರಲ್ಲೂ ಯಾರೋ ಯಾರಿಗೋ ಏನನ್ನೋ ತಲುಪಿಸಬೇಕು. ಅದು ತಲುಪುತ್ತದೆಯೋ ಇಲ್ಲವೋ ಎಂಬುದೇ ಕಥೆ. ಅಕ್ಕಸಾಲಿಗನ ಕಣ್ಣು ಮೊದಲು ಮೂಗುತಿಯ ಮೇಲೆ ಬೀಳುವ ಹಾಗೆ ಅಂಚೆಯವನ ಕಣ್ಣು ವಿಳಾಸದ ಮೇಲೆ ಬೀಳುತ್ತದೆ ಎಂದು ಕಾಣುತ್ತದೆ. ಪಂಡಿತರ ಪಟ್ಟಿಗಳಲ್ಲಿ ಮೇಲಿರುವ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ (1941) ನನ್ನ ಹಾಳೆಯಲ್ಲಿ ಇಲ್ಲ. ಅದರ ಕಸುಬಿಗೆ ಕೈಮುಗಿಯುತ್ತೇನೆ. ಎರಡನೆಯ ಸಲ ನೋಡಬೇಕೆಂದು ಮಾತ್ರ ಅನ್ನಿಸಿಲ್ಲ.

ನಾನು ಸಿನಿಮಾ ನೋಡಲು ಕಲಿತದ್ದು ದಾವಣಗೆರೆ ಸೀಮೆಯ ಹಳ್ಳಿಯೊಂದರ ಟೆಂಟಿನಲ್ಲಿ. ಮೈಕಿನಲ್ಲಿ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಟಿಕೆಟ್ ಕೊಡುವುದಕ್ಕೆ ಶುರುಮಾಡಿದ್ದಾರೆ ಎಂದರ್ಥ. ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಓಡುತ್ತಿದ್ದೆವು. ಗಾಂಧಿ ಕ್ಲಾಸಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು, ಮುಂದಿನವನ ತಲೆಗಿಂತ ಒಂದು ಗೇಣು ಎತ್ತರವಾಗಿ ಕುಳಿತು ನೋಡಿದ ಆ ಚಿತ್ರಗಳಿಗೆ ದೇಶವಾಗಲಿ ನಿರ್ದೇಶಕರಾಗಲಿ ಇರಲಿಲ್ಲ; ಇದ್ದದ್ದು ಹೀರೋ ಮಾತ್ರ. ಹೊರದೇಶದ ಚಿತ್ರವೆಂಬುದನ್ನು ಮೊದಲು ಕಂಡದ್ದು ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರು ನೀನಾಸಮ್ ಮೂಲಕ ಮಲೆನಾಡಿನ ಒಂದು ಹಳ್ಳಿಯಲ್ಲಿ ಜಗತ್ತಿನ ಚಿತ್ರಗಳನ್ನು ತೋರಿಸಿ, ಅವನ್ನು ಕುರಿತು ಊರವರೆಲ್ಲ ಮಾತನಾಡುವ ಹಾಗೆ ಮಾಡಿದ್ದ ಕಾಲವದು. ನಾನು ರಜೆ ಹಾಕಿ ಹೋಗಿದ್ದೆ. ಸಿನಿಮಾ ನೋಡುವುದಕ್ಕೆ ರಜೆ ಎಂದು ಬರೆದರೆ ಮಂಜೂರಾಗುವುದಿಲ್ಲವಾದ್ದರಿಂದ ಸೋದರಮಾವನ ಮಗಳ ಮದುವೆ ಎಂದು ಬರೆದಿದ್ದೆ. ಅನಂತರ ದೂರದರ್ಶನ, ವಿಡಿಯೊ ಕ್ಯಾಸೆಟ್, ಸಿ.ಡಿ., ಈಗ ಮೊಮ್ಮಗಳು ಕೈಗೆ ಕೊಟ್ಟಿರುವ ಮೊಬೈಲು. ನೋಡುವ ಸಾಧನ ಚಿಕ್ಕದಾಗುತ್ತ ಬಂತು.

ಮೊದಲು ಇರಾನಿನ ಚಿತ್ರ. ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ ‘ಗೆಳೆಯನ ಮನೆ ಎಲ್ಲಿದೆ?’. ಕೋಕರ್ ಎಂಬ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಒಬ್ಬ ಹುಡುಗನಿಗೆ, ಇನ್ನೊಂದು ಸಲ ಮನೆಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆದು ತರದಿದ್ದರೆ ಶಾಲೆಯಿಂದ ಹೊರಗೆ ಹಾಕುವುದಾಗಿ ಎಚ್ಚರಿಕೆ ಕೊಡುತ್ತಾರೆ. ಅವನ ಪಕ್ಕದಲ್ಲಿ ಕೂರುವ ಅಹ್ಮದ್ ಮನೆಗೆ ಬಂದು ಚೀಲ ಬಿಚ್ಚಿದರೆ, ಗೆಳೆಯನ ನೋಟ್‌ಬುಕ್ಕೂ ತನ್ನ ಬಳಿಯೇ ಬಂದುಬಿಟ್ಟಿದೆ. ಎರಡರ ರಟ್ಟೂ ಒಂದೇ ತರಹ. ಅದನ್ನು ಸಂಜೆಯೊಳಗೆ ತಲುಪಿಸದಿದ್ದರೆ ನಾಳೆ ಗೆಳೆಯನ ಗತಿ ಮುಗಿಯಿತು. ಕಥೆ ಇಷ್ಟೇ. ಗೆಳೆಯನ ಊರು ಪೋಷ್ಟೆ ಎಂದು ಗೊತ್ತು; ಮನೆ ಯಾವುದೆಂದು ಗೊತ್ತಿಲ್ಲ. ಅಂಚೆಯ ಭಾಷೆಯಲ್ಲಿ ಹೇಳುವುದಾದರೆ, ವಿಳಾಸ ಅಪೂರ್ಣ.

ಹುಡುಗನು ಗುಡ್ಡದ ಮೇಲೆ ಹಾವಿನಂತೆ ಹರಿದ ಕಾಲುದಾರಿಯಲ್ಲಿ ಓಡಿಕೊಂಡು ಪೋಷ್ಟೆಗೆ ಹೋಗುತ್ತಾನೆ. ಗೆಳೆಯನ ಮನೆತನದ ಹೆಸರು ನೆಮತ್‌ಜಾದೆ; ಅಲ್ಲಿ ನೋಡಿದರೆ ಆ ಹೆಸರಿನವರು ಒಬ್ಬರಲ್ಲ, ಹಲವರು. ಈ ಜಾಗಕ್ಕೆ ಬಂದಾಗ ನಾನು ಕುರ್ಚಿಯಿಂದ ಎದ್ದು ಕುಳಿತೆ. ಏಕೆಂದರೆ ನಾಯಕನಹಟ್ಟಿಯ ಸುತ್ತಿನ ಹಳ್ಳಿಗಳಲ್ಲಿ ಟಪಾಲು ಹಂಚಿದವರಿಗೆ ಈ ಸಂಕಟ ಗೊತ್ತು. ತಿಪ್ಪೇರುದ್ರಸ್ವಾಮಿಯ ಸೀಮೆ, ಮನೆಗೊಬ್ಬ ತಿಪ್ಪೇಸ್ವಾಮಿ, ಓಣಿಗೊಬ್ಬ ತಿಪ್ಪಮ್ಮ. ಲಕೋಟೆಯ ಮೇಲೆ ‘ತಿಪ್ಪೇಸ್ವಾಮಿ, ಸಿದ್ದಪ್ಪನ ಮಗ’ ಎಂದು ಇದ್ದರೆ ಅದು ಅರ್ಧ ವಿಳಾಸವೂ ಅಲ್ಲ. ಟೈಲರ್ ತಿಪ್ಪೇಸ್ವಾಮಿಯೋ, ಎಮ್ಮೆ ತಿಪ್ಪೇಸ್ವಾಮಿಯೋ, ಬೋರ್‌ವೆಲ್ ತಿಪ್ಪೇಸ್ವಾಮಿಯೋ ಎಂದು ಪೋಸ್ಟ್‌ಮ್ಯಾನ್ ತನ್ನ ತಲೆಯೊಳಗಿನ ರಿಜಿಸ್ಟರನ್ನು ನೋಡಿ ಗುರುತಿಸಬೇಕು. ಆ ರಿಜಿಸ್ಟರು ಅಹ್ಮದನಿಗಿಲ್ಲ; ಅವನ ಬಳಿ ಇರುವುದು ಒಂದು ನೋಟ್‌ಬುಕ್ಕು ಮತ್ತು ದೊಡ್ಡವರ ಮಾತಿಗೆ ಕಾಯುವ ಮರ್ಯಾದೆ. ದೊಡ್ಡವರಾದರೋ ಅವನ ಮಾತನ್ನು ಪೂರ್ತಿ ಕೇಳುವುದೇ ಇಲ್ಲ. ಅಜ್ಜನಂತೂ, ಜೇಬಿನಲ್ಲಿ ಸಿಗರೇಟಿದ್ದರೂ ಮೊಮ್ಮಗನನ್ನು ಸಿಗರೇಟು ತರಲು ಓಡಿಸುತ್ತಾನೆ. ಮಕ್ಕಳಿಗೆ ಶಿಸ್ತು ಬರಬೇಕಲ್ಲ. ತನ್ನ ಅಪ್ಪ ವಾರಕ್ಕೊಮ್ಮೆ ಕಾಸು ಕೊಡುತ್ತಿದ್ದ, ಎರಡು ವಾರಕ್ಕೊಮ್ಮೆ ಹೊಡೆಯುತ್ತಿದ್ದ, ಕಾಸು ಕೊಡುವುದನ್ನು ಮರೆತರೂ ಹೊಡೆಯುವುದನ್ನು ಮಾತ್ರ ಮರೆಯುತ್ತಿರಲಿಲ್ಲ ಎಂದು ಆತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಈ ಚಿತ್ರವನ್ನು ನಾನು ಒಮ್ಮೆ ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯ ಗೋಡೆಯ ಮೇಲೆ, ಪರಿಚಯದ ಮೇಷ್ಟ್ರೊಬ್ಬರು ತಂದಿದ್ದ ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಸಬ್‌ಟೈಟಲ್‌ಗಳನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಬಯಲಾಟದ ಭಾಗವತನ ಹಾಗೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದೆ. ಅಹ್ಮದನ ತಾಯಿ ಬಟ್ಟೆ ಒಗೆದು ಹರವುತ್ತ, ಮಗ ಎಷ್ಟು ಸಲ ಹೇಳಿದರೂ ‘ಮೊದಲು ಪಾಠ ಬರಿ’ ಎನ್ನುವ ದೃಶ್ಯ ಬಂತು. ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ತಡೆಯಲಾರದೆ, ‘ಅವ್ರವ್ವ ಬಟ್ಟೆ ಬಿಟ್ಟು ಒಂದ್ಸಲ ತಿರುಗಿ ನೋಡಬಾರದಾ?’ ಎಂದಳು. ಹಿಂದಿನ ಸಾಲಿನಿಂದ ಯಾರೋ ಹೆಂಗಸು, ‘ಒಗಿಯೋಳಿಗೆ ಗೊತ್ತು ಬಿಡೆ’ ಎಂದರು. ಈ ಚಿತ್ರದ ಬಗ್ಗೆ ನಾನು ಓದಿರುವ ಯಾವ ವಿಮರ್ಶೆಯೂ ಆ ತಾಯಿಗೆ ಇಷ್ಟು ನ್ಯಾಯ ಸಲ್ಲಿಸಿಲ್ಲ.

ನೋಟ್‌ಬುಕ್ಕು ಕಡೆಗೂ ಆ ರಾತ್ರಿ ತಲುಪುವುದಿಲ್ಲ. ಹುಡುಗನು ಮನೆಗೆ ಹಿಂತಿರುಗಿ, ಗೆಳೆಯನ ಪಾಠವನ್ನೂ ತಾನೇ ಬರೆದು, ಬೆಳಿಗ್ಗೆ ತರಗತಿಯಲ್ಲಿ ಅದನ್ನು ಅವನ ಮುಂದಿಡುತ್ತಾನೆ. ಮೇಷ್ಟ್ರು ಹಾಳೆ ತಿರುವಿದರೆ ನಡುವೆ ಪೋಷ್ಟೆಯ ಮುದುಕ ಬಡಗಿಯೊಬ್ಬ ಕೊಟ್ಟ ಒಂದು ಸಣ್ಣ ಹೂವು. 1990ರ ಜೂನಿನಲ್ಲಿ ಆ ಸೀಮೆಯಲ್ಲಿ ಭಾರೀ ಭೂಕಂಪವಾಯಿತು. ಚಿತ್ರದಲ್ಲಿ ಅಭಿನಯಿಸಿದ್ದ ಮಕ್ಕಳು ಬದುಕಿದ್ದಾರೆಯೇ ಎಂದು ತಿಳಿಯಲು ಕಿಯಾರೊಸ್ತಮಿ ಕಾರು ಹತ್ತಿ ಹೊರಟರು. ಆ ಹುಡುಕಾಟವನ್ನೇ 1992ರಲ್ಲಿ ಇನ್ನೊಂದು ಚಿತ್ರವಾಗಿ ಮಾಡಿದರು. ನನಗೆ ಮೊದಲನೆಯದೇ ಹೆಚ್ಚು ಪ್ರಿಯ.

ಎರಡನೆಯದು ಸೋವಿಯತ್ ರಷ್ಯಾದ್ದು, ಗ್ರಿಗೊರಿ ಚುಖ್ರಾಯ್ 1959ರಲ್ಲಿ ಮಾಡಿದ ‘ಬ್ಯಾಲಡ್ ಆಫ್ ಎ ಸೋಲ್ಜರ್’. ಎರಡು ಟ್ಯಾಂಕುಗಳನ್ನು ಹೊಡೆದು ಕೆಡವಿದ 19 ವರ್ಷದ ಅಲ್ಯೋಶಾ ಪದಕ ಬೇಡ ಎನ್ನುತ್ತಾನೆ. ಅದರ ಬದಲು ಊರಿಗೆ ಹೋಗಿ ಅಮ್ಮನನ್ನು ನೋಡಿ, ಸೋರುವ ಸೂರನ್ನು ಸರಿಮಾಡಿ ಬರಲು ರಜೆ ಕೇಳುತ್ತಾನೆ. ಜನರಲ್ಲು ಆರು ದಿನ ಕೊಡುತ್ತಾನೆ: ಹೋಗಲು ಎರಡು, ಇರಲು ಎರಡು, ಬರಲು ಎರಡು. ದಾರಿಯಲ್ಲಿ ಯುದ್ಧಕ್ಕೆ ಹೋಗುತ್ತಿದ್ದ ಪಾವ್ಲೊವ್ ಎಂಬ ಸೈನಿಕನೊಬ್ಬ ತನ್ನ ಹೆಂಡತಿಗೆ ಏನನ್ನಾದರೂ ಕಳಿಸಬೇಕೆಂದು ಬಯಸುತ್ತಾನೆ. ಕಳಿಸಲು ಏನಿದೆ? ಇಡೀ ತುಕಡಿಗೆ ಸೇರಿದ ಎರಡು ಬಿಲ್ಲೆ ಸೋಪು. ಅದನ್ನೇ ಕೊಡುತ್ತಾರೆ. ಅಲ್ಯೋಶಾ ತನ್ನ ರಜೆಯ ಗಂಟೆಗಳನ್ನು ಖರ್ಚುಮಾಡಿಕೊಂಡು ಆ ಮನೆಯನ್ನು ಹುಡುಕಿ ಹೋದರೆ, ಆ ಹೆಂಗಸು ಬೇರೊಬ್ಬನೊಡನೆ ಇದ್ದಾಳೆ. ಕೊಟ್ಟ ಸೋಪನ್ನು ಹಿಂದಕ್ಕೆ ತೆಗೆದುಕೊಂಡು, ನಿರಾಶ್ರಿತರ ನಡುವೆ ಮಲಗಿರುವ ಪಾವ್ಲೊವನ ತಂದೆಯನ್ನು ಹುಡುಕಿ, ಅದನ್ನು ಅವನ ಕೈಗೆ ಇಡುತ್ತಾನೆ.

ಅಂಚೆಯ ನಿಯಮದ ಪ್ರಕಾರ ಇದು ಗಂಭೀರವಾದ ತಪ್ಪು. ವಿಳಾಸದಾರರಿಗೆ ಕೊಟ್ಟ ಪಾರ್ಸೆಲನ್ನು ಕಿತ್ತುಕೊಂಡು ಬೇರೆಯವರಿಗೆ ಕೊಟ್ಟ ಪೋಸ್ಟ್‌ಮ್ಯಾನನನ್ನು ನಾನಾದರೆ ಅಮಾನತಿಗೆ ಶಿಫಾರಸು ಮಾಡುತ್ತಿದ್ದೆ. ಆದರೂ ಪ್ರತಿ ಸಲವೂ ಆ ದೃಶ್ಯದಲ್ಲಿ ನನಗೆ ಅನ್ನಿಸುವುದು, ವಸ್ತು ಸರಿಯಾದ ಬಾಗಿಲಿಗೆ ಬಂತು ಎಂದೇ. ಆ ಹೆಂಗಸಿನ ಕಡೆಯ ಮಾತನ್ನು ಚಿತ್ರವು ಕೇಳುವುದಿಲ್ಲ ಎಂಬ ಒಂದು ತಕರಾರು ನನಗಿದೆ. ಯುದ್ಧದ ಊರಿನಲ್ಲಿ ಒಬ್ಬಂಟಿಯಾಗಿ ಉಳಿದವಳ ಹಸಿವು ಏನೆಂದು ಅದು ವಿಚಾರಿಸಬೇಕಾಗಿತ್ತು. ಹೀಗೆ ಯಾರಯಾರಿಗೋ ನೆರವಾಗುತ್ತ ಅಲ್ಯೋಶಾ ಊರು ಮುಟ್ಟುವಾಗ ರಜೆಯೆಲ್ಲ ದಾರಿಯಲ್ಲೇ ಕರಗಿಹೋಗಿ, ಅಮ್ಮನನ್ನು ರಸ್ತೆಯ ಬದಿಯಲ್ಲಿ ಅಪ್ಪಿಕೊಳ್ಳುವಷ್ಟು ನಿಮಿಷಗಳು ಮಾತ್ರ ಉಳಿದಿರುತ್ತವೆ. ಅವನು ಮರಳಿ ಬರುವುದಿಲ್ಲವೆಂದು ಚಿತ್ರ ಮೊದಲಲ್ಲೇ ಹೇಳಿಬಿಟ್ಟಿರುತ್ತದೆ. ಸೂರು ಸರಿಯಾಗುವುದಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ. ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್ 1968ರಲ್ಲಿ ಮಾಡಿದ ‘ಮಂಡಾಬಿ’. ಈ ಮಾತಿನ ಅರ್ಥವೇ ಮನಿಯಾರ್ಡರು. ಸೆಂಬೆನ್ ಮೀನುಗಾರನ ಮಗ. ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಮಾಡಿದವನು. ಫ್ರೆಂಚ್ ಭಾಷೆಯಲ್ಲಿ ಕಾದಂಬರಿಗಳನ್ನು ಬರೆದು ಹೆಸರು ಮಾಡಿದ ಮೇಲೆ, ತನ್ನ ಜನರಲ್ಲಿ ಹೆಚ್ಚಿನವರು ಆ ಪುಸ್ತಕಗಳನ್ನು ಓದಲಾರರು ಎಂಬುದನ್ನು ಕಂಡುಕೊಂಡು, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತವನು. ಈ ಚಿತ್ರವನ್ನು ಆತ ತನ್ನದೇ ಕಥೆಯಿಂದ, ಡಾಕರ್ ನಗರದ ಬೀದಿಯಲ್ಲಿ ಜನ ಆಡುವ ವೊಲೊಫ್ ಭಾಷೆಯಲ್ಲಿ ಮಾಡಿದ. ದೊಡ್ಡ ಭಾಷೆಯ ನೆರಳಿನಲ್ಲಿ ತನ್ನ ಭಾಷೆಯನ್ನಿಟ್ಟುಕೊಂಡು ಬದುಕುವ ಯಾರಿಗೇ ಆಗಲಿ ಆ ತೀರ್ಮಾನದ ಬೆಲೆ ಗೊತ್ತಾಗುತ್ತದೆ.

ಇಬ್ರಾಹಿಮ ಡಿಯೆಂಗ್‌ಗೆ ಕೆಲಸವಿಲ್ಲ. ಇಬ್ಬರು ಹೆಂಡಿರು, ಏಳು ಮಕ್ಕಳು. ಪ್ಯಾರಿಸಿನಲ್ಲಿ ಬೀದಿ ಗುಡಿಸುವ ಸೋದರಳಿಯನಿಂದ 25,000 ಫ್ರಾಂಕಿನ ಮನಿಯಾರ್ಡರು ಬಂದಿದೆ ಎಂದು ಪೋಸ್ಟ್‌ಮ್ಯಾನ್ ಹೇಳಿ ಹೋಗುತ್ತಾನೆ. ಅದರಲ್ಲಿ ಇವನಿಗೆ ಸಲ್ಲುವುದು 2,000 ಮಾತ್ರ. 3,000 ಹುಡುಗನ ತಾಯಿಗೆ, ಉಳಿದದ್ದು ಅವನಿಗಾಗಿ ಎತ್ತಿಡಬೇಕಾದ ಗಂಟು. ಆದರೆ ಊರಿಗೆ ಕೇಳಿಸುವುದು 25,000 ಎಂಬ ಸಂಖ್ಯೆ ಮಾತ್ರ. ಹಣ ಕೈಗೆ ಬರುವ ಮೊದಲೇ ಅಂಗಡಿಯಿಂದ ಉದ್ರಿ ಅಕ್ಕಿ ಬರುತ್ತದೆ, ನೆಂಟರು ಬರುತ್ತಾರೆ, ಮಸೀದಿಯ ಮುಂದಿನ ಭಿಕ್ಷುಕರಿಗೂ ಸುದ್ದಿ ಮುಟ್ಟುತ್ತದೆ. ಡಿಯೆಂಗ್ ಅಗಲವಾದ ನಿಲುವಂಗಿಯನ್ನು ಝಾಡಿಸಿಕೊಂಡು ಅಂಚೆ ಕಚೇರಿಗೆ ಹೋಗುತ್ತಾನೆ. ಗುರುತಿನ ಚೀಟಿ ಎಲ್ಲಿ ಎನ್ನುತ್ತಾರೆ. ಗುರುತಿನ ಚೀಟಿಗೆ ಪೊಲೀಸ್ ಠಾಣೆಗೆ ಹೋದರೆ ಜನನ ಪತ್ರ, ಫೋಟೊ, ಸ್ಟ್ಯಾಂಪು ಕೇಳುತ್ತಾರೆ. ಜನನ ಪತ್ರಕ್ಕೆ ನಗರಸಭೆಗೆ ಹೋದರೆ ಹುಟ್ಟಿದ ತಾರೀಖು ಕೇಳುತ್ತಾರೆ. ಸುಮಾರು 1900ರಲ್ಲಿ ಎಂದಷ್ಟೇ ಅವನಿಗೆ ಗೊತ್ತು. ಕೆರೆ ಒಡೆದ ವರ್ಷ ಹುಟ್ಟಿದವನು, ಪ್ಲೇಗು ಬಂದಾಗ ತೊಟ್ಟಿಲಲ್ಲಿದ್ದವನು ಎಂದು ನಮ್ಮ ಮುದುಕರು ಹೇಳುತ್ತಿದ್ದ ಹಾಗೆ. ಫೋಟೊಕ್ಕೆ ಕೊಟ್ಟ ದುಡ್ಡೂ ಹೋಗುತ್ತದೆ, ಕೇಳಲು ಹೋದರೆ ಮೂಗೂ ಒಡೆಯುತ್ತದೆ. ಕಡೆಗೆ ಓದು ಬಲ್ಲ ನೆಂಟನೊಬ್ಬ, ನನ್ನ ಹೆಸರಿಗೆ ಅಧಿಕಾರ ಬರೆದುಕೊಡು, ನಾನೇ ತಂದುಕೊಡುತ್ತೇನೆ ಎಂದು ಹೇಳಿ ಎಲ್ಲವನ್ನೂ ನುಂಗಿ ನೀರು ಕುಡಿಯುತ್ತಾನೆ.

ಈ ಚಿತ್ರದಲ್ಲಿ ನಗು ಬಹಳ. ಡಿಯೆಂಗ್ ಪೆದ್ದನೂ ಹೌದು, ಜಂಬಗಾರನೂ ಹೌದು. ಹೆಂಡಿರ ಮೇಲೆ ದರ್ಬಾರು ನಡೆಸುವವನು. ಸೆಂಬೆನ್ ತನ್ನವರನ್ನು ದೇವರ ಪಟದ ಹಾಗೆ ತೋರಿಸುವುದಿಲ್ಲ, ಅದಕ್ಕೇ ನನಗೆ ಆತನ ಮೇಲೆ ವಿಶ್ವಾಸ. ಆದರೆ ನನಗೆ ನಗಲಾಗಲಿಲ್ಲ. ನಾನು ಇದನ್ನು ನೋಡಿದ್ದು ನಿವೃತ್ತನಾದ ಮೇಲೆ, ಮನೆಯಲ್ಲಿ, ಮೊಬೈಲಿನಲ್ಲಿ. ಅಂಚೆ ಕಚೇರಿಯ ಕೌಂಟರಿನ ಹಿಂದಿನಿಂದ ‘ಗುರುತಿನ ಚೀಟಿ’ ಎಂಬ ದನಿ ಬಂದಾಗ, ಆ ದನಿಯಲ್ಲಿ ಕೋಪವಾಗಲಿ ದುಷ್ಟತನವಾಗಲಿ ಇರಲಿಲ್ಲ. ಬೇಸರವಿಲ್ಲದ, ಮುಖವೆತ್ತಿ ನೋಡದ, ಬಹಳ ಸಾಧಾರಣವಾದ ದನಿ. ಅದು ನನ್ನದೇ ದನಿ.

ಎಂಬತ್ತರ ದಶಕದಲ್ಲಿ ನಾನು ಒಂದು ಹೋಬಳಿಯ ಕಚೇರಿಯಲ್ಲಿದ್ದೆ; ಯಾವುದೆಂದು ಹೇಳುವ ಅಗತ್ಯವಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮಗನೊಬ್ಬ ತಾಯಿಗೆ ಕಳಿಸಿದ್ದ 120 ರೂಪಾಯಿಯ ಮನಿಯಾರ್ಡರು ಬಂದಿತ್ತು. ಪೋಸ್ಟ್‌ಮ್ಯಾನ್ ಹೋದಾಗ ಆಕೆ ಕಡಲೆಕಾಯಿ ಕೀಳಲು ಬೇರೆ ಊರಿಗೆ ಹೋಗಿದ್ದರು. ಮರಳಿ ಬಂದವರು ಸುದ್ದಿ ತಿಳಿದು ನೇರವಾಗಿ ಕಚೇರಿಗೆ ಬಂದರು. ಹೆಬ್ಬೆಟ್ಟು ಒತ್ತುವವರಿಗೆ ಕಚೇರಿಗೆ ಪರಿಚಯವಿರುವ ಒಬ್ಬರ ಸಾಕ್ಷಿ ಬೇಕು. ಅಂದು ಪೋಸ್ಟ್‌ಮ್ಯಾನ್ ಬೀಟಿಗೆ ಹೋಗಿದ್ದ. ‘ಯಾರನ್ನಾದರೂ ಕರಕೊಂಡು ಬಾರಮ್ಮ’ ಎಂದೆ. ಮರುದಿನ ಪಕ್ಕದ ಮನೆಯವಳನ್ನು ಕರೆತಂದರು. ಆಕೆಯೂ ನನಗೆ ಅಪರಿಚಿತಳು, ಆಕೆಯದೂ ಹೆಬ್ಬೆಟ್ಟು. ಆಗುವುದಿಲ್ಲ ಎಂದೆ. ಆಮೇಲೆ ಅವರು ಬರಲಿಲ್ಲ. ನಿಗದಿಯಾದ ದಿನಗಳು ಮುಗಿದವು. ಫಾರಂ ಮೇಲೆ ಷರಾ ಬರೆದು, ಠಸ್ಸೆ ಹೊಡೆದು, ಹಣವನ್ನು ಕಳಿಸಿದವರಿಗೆ ವಾಪಸು ಮಾಡಿದೆ. ಫಾರಂನ ಕೆಳಗಿನ ಕೂಪನ್ನಿನಲ್ಲಿ ಯಾರದೋ ಕೈಬರಹದಲ್ಲಿ, ಕಣ್ಣಿನ ಔಷಧಿ ತಗೋ, ನಾನು ದೀವಳಿಗೆಗೆ ಬರುತ್ತೇನೆ ಎಂದಿತ್ತು. ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪಿರಲಿಲ್ಲ.

ದೀವಳಿಗೆಗೆ ಇನ್ನೂ ತಿಂಗಳಿತ್ತು. ಒಂದು ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವಾಗ ಕಟ್ಟೆಯ ಮೇಲೆ ಒಬ್ಬ ಹುಡುಗ ಕುಳಿತಿದ್ದ. ರಾತ್ರಿ ಬಸ್ಸಿನಲ್ಲಿ ಬಂದವನು. ಅಂಗಿಯ ಮೇಲೆ ಸಿಮೆಂಟಿನ ಕಲೆ. ಬೆಂಗಳೂರಿನಲ್ಲಿ ಮನಿಯಾರ್ಡರು ವಾಪಸು ಬಂದುದನ್ನು ಕಂಡು, ತಾಯಿ ತೀರಿಕೊಂಡಿರಬೇಕೆಂದು ತಿಳಿದು ಹೊರಟು ಬಂದಿದ್ದ. ಊರಿಗೆ ಹೋಗಿ ನೋಡಿ, ಅಲ್ಲಿಂದ ನಡೆದುಕೊಂಡೇ ಕಚೇರಿಗೆ ಬಂದಿದ್ದ. ಜಗಳವಾಡುತ್ತಾನೆಂದು ನಾನು ಕಾದೆ. ಅವನು ಕೌಂಟರಿನ ಹತ್ತಿರ ಬಂದು, ‘ನಮ್ಮವ್ವ ಇದಾಳೆ ಸಾಮಿ’ ಎಂದ. ಅಷ್ಟು ಹೇಳಿ, ನಾನು ಏನಾದರೂ ಬರೆದುಕೊಳ್ಳುತ್ತೇನೋ ಎಂದು ಸ್ವಲ್ಪ ಹೊತ್ತು ನಿಂತು, ಹೊರಟುಹೋದ.

ಸೆಂಬೆನ್‌ನ ಚಿತ್ರದ ಕೊನೆಗೆ, ಎಲ್ಲವನ್ನೂ ಕಳೆದುಕೊಂಡು ಕುಳಿತ ಡಿಯೆಂಗ್‌ನ ಮನೆಗೆ ಅದೇ ಪೋಸ್ಟ್‌ಮ್ಯಾನ್ ಮತ್ತೊಂದು ಕಾಗದವನ್ನು ಹಿಡಿದುಕೊಂಡು ಬರುತ್ತಾನೆ.

ಬ್ರೆಜಿಲ್ ದೇಶದ ವಾಲ್ಟರ್ ಸಾಲೆಸ್ 1998ರಲ್ಲಿ ಮಾಡಿದ ‘ಸೆಂಟ್ರಲ್ ಸ್ಟೇಷನ್’ ಚಿತ್ರದ ಡೋರಾ ನನಗಿಂತ ದೊಡ್ಡ ಅಪರಾಧಿ. ನಿವೃತ್ತ ಶಾಲಾ ಶಿಕ್ಷಕಿಯಾದ ಈಕೆ ರಿಯೊ ನಗರದ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತಾಳೆ. ಅಂಚೆಗೆ ಹಾಕುತ್ತೇನೆಂದು ಹೇಳಿ ದುಡ್ಡು ಇಸಿದುಕೊಂಡು, ರಾತ್ರಿ ಮನೆಯಲ್ಲಿ ಗೆಳತಿಯೊಡನೆ ಕುಳಿತು ಅವನ್ನು ಓದಿ ನಕ್ಕು, ಕೆಲವನ್ನು ಹರಿಯುತ್ತಾಳೆ, ಕೆಲವನ್ನು ಮೇಜಿನ ಖಾನೆಗೆ ತಳ್ಳುತ್ತಾಳೆ. ಫೆರ್ನಾಂಡಾ ಮೊಂಟೆನೆಗ್ರೊ ಈ ಪಾತ್ರವನ್ನು ಎಷ್ಟು ಒಣಗಿದ ಮುಖದಿಂದ ಮಾಡಿದ್ದಾರೆಂದರೆ, ಅರ್ಧ ಚಿತ್ರ ಮುಗಿದರೂ ಆಕೆಯನ್ನು ಮೆಚ್ಚಿಕೊಳ್ಳಬೇಕೋ ಬೇಡವೋ ಎಂದು ತಿಳಿಯುವುದಿಲ್ಲ. ಬರ್ಲಿನ್ ಉತ್ಸವದಲ್ಲಿ ಚಿತ್ರಕ್ಕೂ ಆಕೆಗೂ ಪ್ರಶಸ್ತಿ ಬಂತು. ಕಾಗದ ಬರೆಸಿದ್ದ ತಾಯಿಯೊಬ್ಬಳು ನಿಲ್ದಾಣದ ಹೊರಗೆ ಬಸ್ಸಿಗೆ ಸಿಕ್ಕಿ ಸತ್ತಾಗ, ಅವಳ ಮಗ ಜೋಸುಯೆ ಡೋರಾಳ ಪಾಲಿಗೆ ಬೀಳುತ್ತಾನೆ. ಅವನ ತಂದೆಯನ್ನು ಹುಡುಕಿಕೊಂಡು ದೇಶದ ಈಶಾನ್ಯದ ಬೆಂಗಾಡಿಗೆ ಇಬ್ಬರೂ ಹೊರಡುತ್ತಾರೆ. ಹುಡುಗನ ಪಾತ್ರ ಮಾಡಿದವನು ವಿಮಾನ ನಿಲ್ದಾಣದಲ್ಲಿ ಬೂಟು ಪಾಲಿಶ್ ಮಾಡುತ್ತಿದ್ದವನು.

ನನಗೆ ಕತೆಗಿಂತಲೂ ಆ ಮೇಜಿನ ಮುಂದೆ ಬಂದು ಕೂರುವ ಮುಖಗಳೇ ಹೆಚ್ಚು ಬೇಕು. ನಿಲ್ದಾಣದಲ್ಲಿ ಚಿತ್ರೀಕರಣಕ್ಕೆಂದು ಮೇಜು ಹಾಕಿದಾಗ, ನಿಜವಾಗಿಯೂ ಅಲ್ಲಿ ಓಡಾಡುವ ಜನ ಬಂದು ಕುಳಿತು ತಮ್ಮ ತಮ್ಮ ಕಾಗದಗಳನ್ನು ಹೇಳಿ ಬರೆಸಿದರಂತೆ. ಅವು ಚಿತ್ರದಲ್ಲಿ ಉಳಿದಿವೆ. ಹೇಳಿ ಬರೆಸುವವರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಾ? ಬರೆಯುವವನ ಮುಖದ ಮೇಲೂ ಇರುವುದಿಲ್ಲ, ಹಾಳೆಯ ಮೇಲೂ ಇರುವುದಿಲ್ಲ. ಪೆನ್ನಿನ ತುದಿಯಲ್ಲಿರುತ್ತದೆ, ತಾವು ಹೇಳಿದ್ದು ಅಲ್ಲಿಂದ ಇಳಿಯುತ್ತಿದೆಯೇ ಎಂದು. ಕೌಂಟರಿನ ಬಳಿ ಇನ್‌ಲ್ಯಾಂಡ್ ಕೊಂಡು, ‘ನೀವೇ ನಾಲ್ಕು ಸಾಲು ಬರೀರಿ’ ಎನ್ನುತ್ತಿದ್ದವರ ಕಣ್ಣೂ ಅಲ್ಲೇ ಇರುತ್ತಿತ್ತು. ಅವರು ಒಂದು ಗಂಟೆ ಹೇಳಿದ್ದನ್ನು ನಾನು ‘ಉಭಯಕುಶಲೋಪರಿ’ಯಿಂದ ಆರಂಭಿಸಿ ಆರು ಸಾಲಿಗೆ ಇಳಿಸುತ್ತಿದ್ದೆ. ಹರಿದು ಹಾಕಲಿಲ್ಲ ಎಂಬುದು ನಿಜ.

ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ಇಟಲಿಯ ‘ಬೈಸಿಕಲ್ ಥೀವ್ಸ್’ ಬಗ್ಗೆ ನಿಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತಿರುವುದರಿಂದ ಒಂದೇ ದೃಶ್ಯವನ್ನು ನೆನಪಿಸುತ್ತೇನೆ. ನೌಕರಿಗೆ ಸೈಕಲ್ ಬೇಕು, ಸೈಕಲ್ಲು ಗಿರವಿಯಲ್ಲಿದೆ, ಹೆಂಡತಿ ಮಂಚದ ಮೇಲಿನ ಹೊದಿಕೆಗಳನ್ನು ಕಿತ್ತು ಗಂಟು ಕಟ್ಟಿ ಅದನ್ನು ಬಿಡಿಸಲು ಒಯ್ಯುತ್ತಾಳೆ. ಗಿರವಿಯವನು ಆ ಗಂಟನ್ನು ಹೊತ್ತುಕೊಂಡು ಒಳಗೆ ಹೋಗಿ ಕಪಾಟನ್ನು ಏಣಿಯ ಹಾಗೆ ಹತ್ತುತ್ತಾನೆ, ಹತ್ತುತ್ತಾನೆ. ಆಗ ಕಾಣುತ್ತದೆ, ಸೂರಿನವರೆಗೂ ಒಟ್ಟಿರುವುದೆಲ್ಲ ಇಂಥವೇ ಗಂಟುಗಳು. ನಾಯಕನ ಪಾತ್ರ ಮಾಡಿದ ಲಾಂಬೆರ್ತೊ ಮಜ್ಜೊರಾನಿ ಕಾರ್ಖಾನೆಯ ಕೆಲಸಗಾರ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚುತ್ತ ಬಂದ ಕಾಲದಲ್ಲಿ ಹಿತ್ತಾಳೆ ಕೊಡಗಳು ಯಾವ ಯಾವ ಅಂಗಡಿಗಳ ಅಟ್ಟ ಸೇರಿದವು ಎಂಬುದನ್ನು ಕಂಡವರಿಗೆ ಈ ದೃಶ್ಯಕ್ಕೆ ಸಬ್‌ಟೈಟಲ್ ಬೇಕಾಗುವುದಿಲ್ಲ.

ಕಡೆಯದು ಜಪಾನಿನ ಅಕಿರಾ ಕುರೊಸಾವಾ 1952ರಲ್ಲಿ ಮಾಡಿದ ‘ಇಕಿರು’. ಇದನ್ನು ನಾನು ಇನ್ನೂ ನೌಕರಿಯಲ್ಲಿರುವಾಗಲೇ, ದಾವಣಗೆರೆಯ ಗೆಳೆಯರೊಬ್ಬರ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಕ್ಯಾಸೆಟ್ಟಿನಲ್ಲಿ ನೋಡಿದೆ. ನಮ್ಮಲ್ಲಿ ಗಿರೀಶ ಕಾಸರವಳ್ಳಿಯವರು ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 1986ರಲ್ಲಿ ಮಾಡಿದ ‘ತಬರನ ಕಥೆ’ಯನ್ನು ಅಷ್ಟು ಹೊತ್ತಿಗೆ ನೋಡಿದ್ದೆ; ಪಿಂಚಣಿಗಾಗಿ ಅಲೆದು ಅಲೆದು ಬುದ್ಧಿ ಕೆಡಿಸಿಕೊಳ್ಳುವ ತಬರನಾಗಿ ಚಾರುಹಾಸನ್ ನನ್ನನ್ನು ವಾರಗಟ್ಟಲೆ ಕಾಡಿದ್ದರು. ತಬರನ ಕಥೆ ಕೌಂಟರಿನ ಆಚೆ ನಿಂತವನದು. ಕುರೊಸಾವಾ ಈಚೆ ಕುಳಿತವನನ್ನು ಹಿಡಿದ.

ನಗರಸಭೆಯ ನಾಗರಿಕ ವಿಭಾಗದ ಮುಖ್ಯಸ್ಥ ವತನಾಬೆ ಸುಮಾರು 30 ವರ್ಷಗಳಿಂದ ಕಾಗದಗಳಿಗೆ ಮೊಹರು ಒತ್ತುತ್ತ ಕುಳಿತಿದ್ದಾನೆ. ಅವನ ಸುತ್ತ ಕಡತಗಳು ಗೋಡೆಯಾಗಿ ಎದ್ದಿವೆ. ಒಂದು ಸಣ್ಣ ದೃಶ್ಯ: ಮೊಹರಿನ ಮಸಿ ಒರೆಸಲು ಒಂದು ತುಂಡು ಕಾಗದ ಬೇಕಾಗಿ ಖಾನೆ ತೆರೆಯುತ್ತಾನೆ, ಅಲ್ಲಿ, ಹಿಂದೆ ಎಂದೋ ತಾನೇ ಬರೆದಿದ್ದ, ಕಚೇರಿಯ ಕೆಲಸವನ್ನು ಸುಧಾರಿಸುವ ಸಲಹೆಗಳ ಹಸ್ತಪ್ರತಿಯಿದೆ, ಅದರ ಹಾಳೆಯೊಂದನ್ನು ಹರಿದು ಮೊಹರು ಒರೆಸಿ ಬುಟ್ಟಿಗೆ ಹಾಕುತ್ತಾನೆ. ಮುಖದಲ್ಲಿ ಏನೂ ಇಲ್ಲ. ಈ ನಡುವೆ ಬಡಾವಣೆಯ ಹೆಂಗಸರು, ನಮ್ಮ ಕೇರಿಯ ಕೊಳಚೆ ಗುಂಡಿಯನ್ನು ಮುಚ್ಚಿ ಮಕ್ಕಳಿಗೆ ಆಡಲು ಜಾಗ ಮಾಡಿಕೊಡಿ ಎಂದು ಅರ್ಜಿ ಹಿಡಿದು ಬರುತ್ತಾರೆ. ಅವರನ್ನು ಲೋಕೋಪಯೋಗಿಗೆ ಕಳಿಸುತ್ತಾರೆ. ಅಲ್ಲಿಂದ ಉದ್ಯಾನಕ್ಕೆ, ಆರೋಗ್ಯಕ್ಕೆ, ನೈರ್ಮಲ್ಯಕ್ಕೆ, ಒಂದಾದ ಮೇಲೊಂದು ಮೇಜು ದಾಟಿ, ಸುತ್ತಿ ಸುತ್ತಿ ಮೊದಲಿನ ಕೌಂಟರಿಗೇ ಬಂದು ನಿಲ್ಲುತ್ತಾರೆ.

ತನಗೆ ಹೊಟ್ಟೆಯ ಕ್ಯಾನ್ಸರು, ಉಳಿದಿರುವುದು ಕೆಲವೇ ತಿಂಗಳು ಎಂದು ತಿಳಿದ ವತನಾಬೆ ಮೊದಲು ಕುಡಿದು ನೋಡುತ್ತಾನೆ, ಕುಣಿಯುವವರ ನಡುವೆ ಅಲೆದು ನೋಡುತ್ತಾನೆ. ಕಡೆಗೆ ಕಚೇರಿಗೆ ಮರಳಿ ಆ ಹೆಂಗಸರ ಅರ್ಜಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಇಲ್ಲಿಗೆ ಕುರೊಸಾವಾ ಕಥೆಯನ್ನು ಕತ್ತರಿಸಿ, ನಮ್ಮನ್ನು ನೇರವಾಗಿ ಅವನ ಸಾವಿನ ಮನೆಗೆ ಕೂರಿಸುತ್ತಾನೆ. ಉದ್ಯಾನವನ್ನು ಮಾಡಿಸಿದ್ದು ಯಾರು ಎಂದು ಅಧಿಕಾರಿಗಳೂ ಗುಮಾಸ್ತರೂ ಕುಡಿಯುತ್ತ ವಾದ ಮಾಡುತ್ತಾರೆ. ನಾವು ಆ ಸತ್ತವನನ್ನು ಅವರ ಮಾತಿನ ಚೂರುಗಳಿಂದ ಕಟ್ಟಿಕೊಳ್ಳಬೇಕು. ಹಿಮ ಬೀಳುವ ರಾತ್ರಿ ಆ ಉದ್ಯಾನದ ಉಯ್ಯಾಲೆಯಲ್ಲಿ ಕುಳಿತು ಹಾಡಿಕೊಳ್ಳುವ ತಕಾಶಿ ಶಿಮುರಾ ಅವರ ಮುಖವನ್ನು ಎಲ್ಲರೂ ನೆನೆಯುತ್ತಾರೆ. ನನ್ನನ್ನು ಹಿಡಿದದ್ದು ಸಾವಿನ ಮನೆಯ ಆ ಕೂಟ ಮುಗಿದ ಮೇಲಿನ ದೃಶ್ಯ. ಅಲ್ಲಿ ಕುಡಿದ ಮತ್ತಿನಲ್ಲಿ ಗುಮಾಸ್ತರೆಲ್ಲ, ನಾವೂ ವತನಾಬೆಯ ಹಾಗೆ ಕೆಲಸ ಮಾಡುತ್ತೇವೆ ಎಂದು ಅತ್ತು ಆಣೆ ಮಾಡಿರುತ್ತಾರೆ. ಬೆಳಗಾಗುತ್ತದೆ, ಕೌಂಟರಿಗೆ ಇನ್ನೊಂದು ಕೇರಿಯ ದೂರು ಬರುತ್ತದೆ, ಲೋಕೋಪಯೋಗಿಗೆ ಹೋಗಿ ಎನ್ನುತ್ತಾರೆ. ಒಬ್ಬನೇ ಒಬ್ಬ ಗುಮಾಸ್ತ ಕುರ್ಚಿಯಿಂದ ದಡಕ್ಕನೆ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನ ಕಡೆ ನೋಡುತ್ತಾರೆ. ಅವನು ನಿಧಾನವಾಗಿ ಕೂರುತ್ತಾನೆ. ಕೂರುತ್ತ ಕೂರುತ್ತ ಕಡತಗಳ ಗೋಡೆಯ ಹಿಂದೆ ಅವನ ಮುಖ ಮುಳುಗಿಹೋಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ, ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಹಿಂದಕ್ಕೆ ಹೋಗಲೆಂದು ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ನೀವು ಕಂಡಿರಬಹುದು. ದೆವ್ವಗಳಿಗೆ ಆ ಉಪಾಯ ಎಷ್ಟರಮಟ್ಟಿಗೆ ನಾಟಿತೋ ಗೊತ್ತಿಲ್ಲ. ಕಚೇರಿಗಳಿಗೆ ಬರುವ ಮನುಷ್ಯರಿಗೆ ಚೆನ್ನಾಗಿಯೇ ನಾಟಿದೆ.

ಆ ಭಾನುವಾರ ಗೆಳೆಯರ ಮನೆಯಿಂದ ಹೊರಬಿದ್ದಾಗ ಕತ್ತಲಾಗಿತ್ತು. ಬಸ್ ನಿಲ್ದಾಣದವರೆಗೂ ಮಾತಿಲ್ಲದೆ ನಡೆದೆ, ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ, ಮನೆಯಲ್ಲಿ ಊಟವೂ ಸೇರಲಿಲ್ಲ. ನಾಳೆಯಿಂದ ನನ್ನ ಕೌಂಟರಿನಲ್ಲಿ ಯಾರನ್ನೂ ವಾಪಸು ಕಳಿಸುವುದಿಲ್ಲವೆಂದು, ಕುಡಿಯದೆಯೇ, ನನಗೆ ನಾನೇ ಹೇಳಿಕೊಂಡೆ. ಸೋಮವಾರ ಹತ್ತು ಗಂಟೆಗೆ ಕಿಟಕಿ ತೆರೆದಾಗ ಸಾಲು ಆಗಲೇ ಬಾಗಿಲವರೆಗೆ ಬೆಳೆದಿತ್ತು. ವೃದ್ಧಾಪ್ಯ ವೇತನದ ದಿನ. ಹನ್ನೊಂದೂವರೆಯ ಹೊತ್ತಿಗೆ ಮುಖ್ಯ ಕಚೇರಿಯಿಂದ ತಂದ ನಗದು ಮುಗಿಯಿತು. ಸಾಲಿನಲ್ಲಿ ಇನ್ನೂ ಒಂಬತ್ತು ಜನ ಇದ್ದರು. ಉಳಿತಾಯ ಖಾತೆಗೆ ಕಟ್ಟಲು ಯಾರಾದರೂ ಬಂದರೆ ಆ ಹಣದಲ್ಲಿ ಕೊಡಬಹುದಾಗಿತ್ತು. ಒಂದು ಗಂಟೆ ಕಾದರೆ ಸಾಕಾಗಿತ್ತು, ಅದು ನನಗೆ ಗೊತ್ತಿತ್ತು. ಎಲ್ಲಕ್ಕಿಂತ ಮುಂದೆ ನಿಂತಿದ್ದ ಅಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಕಿಟಕಿಯೊಳಗೆ ಚಾಚಿದರು. ನಾನು ಖಾನೆಯನ್ನು ಮುಚ್ಚಿ, ‘ನಾಳೆ ಬಾರಜ್ಜಿ’ ಎಂದೆ.